ಗೋಡೆ ಮುಟ್ಟುವ ತನಕ

ಕೇಳುಗರಿಗೆಲ್ಲ ನಮಸ್ಕಾರ.

ಈಜು ಕಲಿಯುವ ಮಕ್ಕಳ ತಂದೆತಾಯಿ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ನಮ್ಮ ಮಗು ಚೆನ್ನಾಗಿ ಧುಮುಕುತ್ತದಾ?" ಧುಮುಕುತ್ತದೆ, ಬಿಡಿ. ಸ್ಪರ್ಧೆಯ ಕೊನೆಗೆ ಕೊಳದ ಗೋಡೆ ಹೇಗೆ ಮುಟ್ಟುತ್ತದೆ ಅಂತ ನೋಡಿದ್ದೀರಾ? ಅದನ್ನು ಯಾರೂ ನೋಡುವುದಿಲ್ಲ. ಅದಕ್ಕೇ ಇವತ್ತು ಆಂಥನಿ ನೆಸ್ಟಿ ಅವರ ಕಥೆ ಹೇಳುತ್ತೇನೆ.

ನೆಸ್ಟಿ ದಕ್ಷಿಣ ಅಮೆರಿಕದ ಸುರಿನಾಮ್ ಎಂಬ ಪುಟ್ಟ ದೇಶದವರು. ಆಗ ಇಡೀ ದೇಶಕ್ಕೆ 50 ಮೀಟರ್ ಉದ್ದದ ಈಜುಕೊಳ ಇದ್ದದ್ದು ಒಂದೇ ಒಂದು. 1984ರ ಒಲಿಂಪಿಕ್ಸ್‌ಗೆ ಹೋದರು, ಫೈನಲ್ ಮುಟ್ಟಲಿಲ್ಲ. ಆಮೇಲೆ ಅಮೆರಿಕದ ಫ್ಲೋರಿಡಾದಲ್ಲಿ ಶಾಲೆ ಸೇರಿ, ಗ್ರೆಗ್ ಟ್ರಾಯ್ ಎಂಬ ಕೋಚ್ ಕೈಕೆಳಗೆ ಪಳಗಿದರು.

ಈಗ 1988ಕ್ಕೆ ಬನ್ನಿ. ಸಿಯೋಲ್ ಒಲಿಂಪಿಕ್ಸ್, 100 ಮೀಟರ್ ಬಟರ್‌ಫ್ಲೈ ಫೈನಲ್. ಬಟರ್‌ಫ್ಲೈ ಅಂದರೆ ಎರಡೂ ಕೈ ಒಟ್ಟಿಗೆ ಬೀಸುವ ಈಜು. ಎಲ್ಲರ ಕಣ್ಣು ಅಮೆರಿಕದ ಮ್ಯಾಟ್ ಬಿಯಾಂಡಿ ಮೇಲೆ. ಏಳು ಚಿನ್ನ ಗೆಲ್ಲಬಹುದು ಎಂದು ಪತ್ರಿಕೆಗಳೆಲ್ಲ ಬರೆದಿದ್ದವು. ಆಳು ಆರೂವರೆ ಅಡಿಗೂ ಎತ್ತರ, ಕೈ ಚಾಚಿದರೆ ಅರ್ಧ ಕೊಳವೇ ಸಿಕ್ಕಂತೆ! ಕೊನೆಯ ಕೆಲವು ಮೀಟರ್‌ಗಳಲ್ಲೂ ಅವರೇ ಮುಂದೆ. ಆಗ ಒಂದು ಎಡವಟ್ಟಾಯಿತು. ಗೋಡೆ ಅರ್ಧ ಬೀಸಿನಷ್ಟು ದೂರ ಉಳಿಯಿತು. ಇನ್ನೊಮ್ಮೆ ಕೈ ಬೀಸಬೇಕೋ, ಸುಮ್ನೆ ಜಾರಿಕೊಂಡು ಹೋಗಬೇಕೋ? ಬಿಯಾಂಡಿ ಜಾರಿದರು. ನೀರು ಯಾರನ್ನೂ ಪುಕ್ಕಟೆ ಹೊತ್ತೊಯ್ಯುವುದಿಲ್ಲ, ವೇಗ ಇಳಿಯಿತು. ಪಕ್ಕದಿಂದ ನುಗ್ಗಿ ಬಂದ ನೆಸ್ಟಿ ಪೂರ್ತಿ ಬೀಸಿನಲ್ಲೇ ಎರಡೂ ಕೈಯಿಂದ ಗೋಡೆ ಬಡಿದರು.

ನೆಸ್ಟಿ 53.00 ಸೆಕೆಂಡ್. ಬಿಯಾಂಡಿ 53.01.

ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಅಂದರೆ ಎಷ್ಟು ದೂರ ಗೊತ್ತಾ? ಎರಡು ಸೆಂಟಿಮೀಟರ್ ಕೂಡ ಇಲ್ಲ. ಒಂದು ಬೆರಳಿನ ಅಗಲ! ಒಲಿಂಪಿಕ್ ಈಜಿನಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಕಪ್ಪು ವರ್ಣದ ಪುರುಷ ಅವರು. ಸುರಿನಾಮ್‌ಗೆ ಅದು ಮೊಟ್ಟಮೊದಲ ಒಲಿಂಪಿಕ್ ಪದಕ. ಗೋಡೆ ಮುಟ್ಟುವುದನ್ನು ಕಲಿಸಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

ಅಯ್ಯೋ, ಸಮಯ ಜಾಸ್ತಿ ಉಳಿದಿಲ್ಲ, ಕೋಚ್ ನೆಸ್ಟಿ ಬಗ್ಗೆ ಓಡಿಸಿಯೇ ಹೇಳಬೇಕು. ಫ್ಲೋರಿಡಾ ವಿಶ್ವವಿದ್ಯಾಲಯದ ಪರವಾಗಿ ಈಜಿದರು. 1992ರ ಬಾರ್ಸಿಲೋನಾದಲ್ಲಿ ಕಂಚು ಗೆದ್ದರು. ಆಮೇಲೆ ಅದೇ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕೋಚ್, ಹೇಳಬೇಕೆಂದರೆ ಅದೇ ಟ್ರಾಯ್ ಅವರ ಕೈಕೆಳಗೆ. ಹತ್ತಿಪ್ಪತ್ತು ವರ್ಷ! ಚಿನ್ನ ಗೆದ್ದವರು ಅಷ್ಟು ವರ್ಷ ಎರಡನೆಯ ಸಾಲಿನಲ್ಲಿ ನಿಲ್ಲುವುದು ಸುಲಭ ಅಲ್ಲ, ಅಲ್ವಾ? 2018ರಲ್ಲಿ ಪುರುಷರ ತಂಡದ ಮುಖ್ಯ ಕೋಚ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ಈಜು ತಂಡಕ್ಕೇ ಮುಖ್ಯ ಕೋಚ್. ಒಲಿಂಪಿಕ್ಸ್‌ನಲ್ಲಿ ಹಲವು ಚಿನ್ನ ಗೆದ್ದ ಅಮೆರಿಕದ ಈಜುಗಾರ್ತಿ ಕೇಟಿ ಲೆಡೆಕಿ ಕೂಡ ಅವರ ಬಳಿಯೇ ಅಭ್ಯಾಸ ಮಾಡಿದವರು.

ಇನ್ನೊಬ್ಬ ಶಿಷ್ಯ ಬಾಬಿ ಫಿಂಕ್. ಟೋಕಿಯೋ ಒಲಿಂಪಿಕ್ಸ್‌ನ 800 ಮೀಟರ್ ಸ್ಪರ್ಧೆಯಲ್ಲಿ ಕೊನೆಯ 50 ಮೀಟರ್‌ಗೆ ತಿರುಗಿದಾಗ ಇವರು ಮೊದಲ ಮೂವರಲ್ಲೂ ಇರಲಿಲ್ಲ. ಗೋಡೆ ಮುಟ್ಟಿದಾಗ ಮೊದಲನೆಯವರು. ಆ ಕೊನೆಯ 50 ಮೀಟರ್ ಬಗ್ಗೆಯೇ ಇನ್ನೊಂದು ಭಾಷಣ ಮಾಡಬಹುದು, ಆದರೆ ನನಗೆ ಕೊಟ್ಟ ಹೊತ್ತು ಮುಗಿಯಿತು. ನಮಸ್ಕಾರ.