ಕೆಂಪು ಅಕ್ಷರ ಎಲ್ಲಿ ಹೋಯಿತು? ಮೇಲ್ ರಿಪ್ಲೈಯಲ್ಲಿ ಕಳೆದುಹೋಗುವ ಅಂದ, ವಿಳಾಸ, ಕನ್ನಡ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ದಿನಾ ಮೇಲ್ ಬರೆಯುವವರೇ ಜಾಸ್ತಿ. ವಸಂತನರಸಾಪುರದ ಕಾರ್ಖಾನೆಗಳ ಆಫೀಸಿನವರಿದ್ದೀರಿ, ತಿಪಟೂರಿನ ಕೊಬ್ಬರಿ ಮಂಡಿಗಳ ಲೆಕ್ಕ ನೋಡುವವರಿದ್ದೀರಿ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ಒಂದು ಮಂಡಿಯಿಂದ ಹೊರಗಿನ ವ್ಯಾಪಾರಿಗೆ ಮೇಲ್ ಹೋಗುತ್ತದೆ ಅಂದುಕೊಳ್ಳಿ. ಅದರಲ್ಲೊಂದು ಟೇಬಲ್. ಉಂಡೆ ಕೊಬ್ಬರಿ, ಪಕ್ಕದಲ್ಲಿ ಎಷ್ಟು ಕ್ವಿಂಟಲ್, ಅದರ ಪಕ್ಕ ಹಳೆ ದರ, ಹೊಸ ದರ. ಹೊಸದು ಕೆಂಪು ಬಣ್ಣದಲ್ಲಿ. ಮೇಲೆ ಒಂದು ಸಾಲು: ‘ಕೆಂಪಲ್ಲಿರುವ ದರ ಒಪ್ಪಿಗೆಯಾದರೆ ತಿಳಿಸಿ.’ ಕೆಳಗೆ ಮಂಡಿಯ ಲೋಗೋ, ಹೆಸರು, ಫೋನ್ ನಂಬರ್. ಮಧ್ಯಾಹ್ನದ ಹೊತ್ತಿಗೆ ರಿಪ್ಲೈ ಬರುತ್ತದೆ: ‘ಒಪ್ಪಿಗೆ.’ ಅದರ ಕೆಳಗೆ ನಿಮ್ಮದೇ ಪತ್ರ ಇದೆ, ಟೇಬಲ್ ಮಾತ್ರ ಇಲ್ಲ. ಅಂಕಿಗಳೆಲ್ಲ ಒಂದರ ಕೆಳಗೊಂದು ಉದುರಿ ಬಿದ್ದಿವೆ. ಬಣ್ಣ ಇಲ್ಲ, ಲೋಗೋ ಇಲ್ಲ. ಆರು ತಿಂಗಳಾದ ಮೇಲೆ ಲೆಕ್ಕ ನೋಡುವವರು ಈ ರಿಪ್ಲೈ ತೆರೆದರೆ ಯಾವ ದರಕ್ಕೆ ಒಪ್ಪಿದ್ದು ಅಂತ ಹೇಳುವುದು ಹೇಗೆ?

ಇದು ವೈರಸ್ ಅಲ್ಲ, ಯಾರೂ ಬೇಕಂತ ಮಾಡಿದ್ದೂ ಅಲ್ಲ. 1982ರಲ್ಲಿ ಮೇಲ್‌ನ ನಿಯಮಗಳನ್ನು ಬರೆದಾಗ ಅದರೊಳಗೆ ಹೋಗುತ್ತಿದ್ದದ್ದು ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳು. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಸೇರಿ ಮೈಮ್ ಎನ್ನುವ ವ್ಯವಸ್ಥೆ ತಂದರು. ಚಿತ್ರ, ಫೈಲು, ಬೇರೆ ಲಿಪಿಗಳಿಗೆಲ್ಲ ಮೇಲ್‌ನಲ್ಲಿ ಸರಿಯಾದ ಜಾಗ ಸಿಕ್ಕಿದ್ದು ಆಗ. ಅವರು ಹಳೆಯದನ್ನು ಕೆಡವಲಿಲ್ಲ, ಅದರ ಮೇಲೇ ಕಟ್ಟಿದರು. ಇವತ್ತೂ ಬಣ್ಣದ ಮೇಲ್ ಕಳಿಸಿದರೆ ಸಾಮಾನ್ಯವಾಗಿ ಒಂದೇ ಲಕೋಟೆಯಲ್ಲಿ ಎರಡು ಪ್ರತಿ ಹೋದ ಹಾಗೆ. ಒಂದು ಬರೀ ಅಕ್ಷರದ ಪ್ಲೇನ್ ಟೆಕ್ಸ್ಟ್, ಇನ್ನೊಂದು ಬಣ್ಣ, ಟೇಬಲ್ ಎಲ್ಲ ಇರುವ ಎಚ್‌ಟಿಎಂಎಲ್. ಯಾವುದನ್ನು ತೋರಿಸಬೇಕು ಅಂತ ತೀರ್ಮಾನಿಸುವುದು ಆ ಕಡೆಯ ಪ್ರೋಗ್ರಾಂ.

ಆ ಕಡೆಯವರು ಪ್ಲೇನ್ ಟೆಕ್ಸ್ಟ್‌ನಲ್ಲಿ ಉತ್ತರಿಸಿದರೆ ನಿಮ್ಮ ಪತ್ರದ ಅಕ್ಷರಗಳಷ್ಟೇ ಉಳಿಯುತ್ತವೆ. ಇಷ್ಟಕ್ಕೇ ಮುಗಿಯುವುದಿಲ್ಲ. ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಂ ಔಟ್‌ಲುಕ್, ಬಂದ ಮೇಲ್ ಯಾವ ರೂಪದಲ್ಲಿದೆಯೋ ಅದೇ ರೂಪದಲ್ಲಿ ರಿಪ್ಲೈ ತೆರೆಯುತ್ತದೆ. ಅಲ್ಲಿಗೆ ನೀವು ತಿರುಗಿ ಬರೆಯುವುದೂ ಪ್ಲೇನ್ ಟೆಕ್ಸ್ಟ್‌ನಲ್ಲೇ. ಬೋಲ್ಡ್ ಮಾಡೋಣ ಅಂದರೆ ಆ ಬಟನ್ ಮಂಕಾಗಿ ಕೂತಿರುತ್ತದೆ. ಫಾರ್ಮ್ಯಾಟ್ ಟೆಕ್ಸ್ಟ್ ಟ್ಯಾಬ್‌ನಲ್ಲಿ ಎಚ್‌ಟಿಎಂಎಲ್ ಆರಿಸಿಕೊಂಡರೆ ಹೊಸದಾಗಿ ಬರೆಯುವುದಕ್ಕೆ ಬಣ್ಣ ಬರುತ್ತದೆ. ಹೋದ ಟೇಬಲ್ ಮಾತ್ರ ವಾಪಸ್ ಬರಲ್ಲ.

ಸಿಗ್ನೇಚರ್, ಅಂದರೆ ಮೇಲ್‌ನ ಕೊನೆಗೆ ಸೇರುವ ಹೆಸರು, ನಂಬರ್, ಲೋಗೋ, ಅದರ ವಿಷಯ ಇನ್ನೂ ಸ್ವಲ್ಪ ಬೇರೆ. ವಿಂಡೋಸ್‌ನ ಹಳೇ ಔಟ್‌ಲುಕ್‌ನಲ್ಲಿ ಒಂದು ಸಿಗ್ನೇಚರ್ ಮಾಡಿದರೆ ಅದು ಮೂರು ಫೈಲ್ ಬರೆದಿಡುತ್ತದೆ: ಎಚ್‌ಟಿಎಂಎಲ್‌ಗೆ ಒಂದು, ರಿಚ್ ಟೆಕ್ಸ್ಟ್ ಅನ್ನುವ ಇನ್ನೊಂದು ರೂಪಕ್ಕೆ ಒಂದು, ಪ್ಲೇನ್ ಟೆಕ್ಸ್ಟ್‌ಗೆ ಒಂದು. ಪ್ಲೇನ್ ಟೆಕ್ಸ್ಟ್ ಫೈಲಿಗೆ ಚಿತ್ರ ಹಿಡಿಸುವುದಿಲ್ಲ. ಹೆಸರು, ನಂಬರ್ ಎಲ್ಲವನ್ನೂ ಲೋಗೋ ಚಿತ್ರದೊಳಗೇ ಬರೆಸಿದವರ ಸಿಗ್ನೇಚರ್ ಅಲ್ಲಿ ಖಾಲಿ.

ಕೆಲವು ಸಲ ಪ್ರೋಗ್ರಾಂ ಬೇಕಂತಲೇ ಸಿಗ್ನೇಚರ್ ತೆಗೆಯುತ್ತದೆ. ಎರಡು ಚಿಕ್ಕ ಅಡ್ಡಗೆರೆ, ಒಂದು ಖಾಲಿ ಜಾಗ, ಆ ಸಾಲಿನಲ್ಲಿ ಬೇರೇನೂ ಇಲ್ಲ ಅಂದರೆ ಅದರ ಕೆಳಗಿರುವುದು ಸಿಗ್ನೇಚರ್ ಅಂತ ಹಳೆಯ ರೂಢಿ. ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ರಿಪ್ಲೈ ಮಾಡುವಾಗ ಅದನ್ನು ಬಿಟ್ಟುಬಿಡುತ್ತದೆ. ಇದು ಒಳ್ಳೆಯ ರೂಢಿ ಅಂತಲೇ ನನ್ನ ಅಭಿಪ್ರಾಯ. ಉತ್ತರದ ಮೇಲೆ ಉತ್ತರ ಹೋದ ಹಾಗೆ ಅದೇ ವಿಳಾಸ ಮತ್ತೆ ಮತ್ತೆ ಸೇರಿಕೊಳ್ಳುವುದು ಯಾರಿಗೆ ಬೇಕು? ಆದರೆ ನೋಡಲು ಚೆನ್ನಾಗಿರಲಿ ಅಂತ ಪತ್ರದ ಮಧ್ಯೆ ಸುಮ್ನೆ ಅಂಥ ಗೆರೆ ಹಾಕಿದರೆ, ಅದರ ಕೆಳಗೆ ಬರೆದ ಬ್ಯಾಂಕ್ ಖಾತೆ ವಿವರವೂ ರಿಪ್ಲೈಯಿಂದ ಬಿದ್ದುಹೋಗುತ್ತದೆ.

ಹಾಗಂತ ಪ್ಲೇನ್ ಟೆಕ್ಸ್ಟ್ ಬಳಸುವವರನ್ನು ದೂರಬೇಡಿ. ಮೋಸದ ಲಿಂಕ್ ಬಣ್ಣದ ಬಟನ್ ಹಿಂದೆ ಅಡಗಿಕೊಳ್ಳದಿರಲಿ ಅಂತ ಅದನ್ನೇ ಆರಿಸಿಕೊಳ್ಳುವವರಿದ್ದಾರೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕಟ್ಟುವವರು ತಮ್ಮ ಕೋಡ್ ತಿದ್ದುಪಡಿಗಳನ್ನು ಪ್ಲೇನ್ ಟೆಕ್ಸ್ಟ್ ಮೇಲ್‌ನಲ್ಲೇ ಕಳಿಸಿ ಅನ್ನುತ್ತಾರೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ನಮ್ಮ ಕನ್ನಡಕ್ಕೆ ಇದರಿಂದ ಇಂಗ್ಲಿಷ್‌ಗಿಂತ ಜಾಸ್ತಿ ಪೆಟ್ಟು ಬಿದ್ದಿದೆ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಕೂರುವುದು ಕನ್ನಡವಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಅವುಗಳಿಗೆ ಕನ್ನಡದ ಆಕಾರ ಕೊಡುವುದು ಫಾಂಟ್. ಫಾಂಟ್ ಅನ್ನುವುದೂ ಫಾರ್ಮ್ಯಾಟಿಂಗೇ ಅಲ್ವಾ? ಪ್ಲೇನ್ ಟೆಕ್ಸ್ಟ್ ರಿಪ್ಲೈಯಲ್ಲಿ ಬಣ್ಣದ ಜೊತೆ ಅದೂ ಹೋಗುತ್ತದೆ. ನುಡಿಯಲ್ಲಿ ಹೊಡೆದ ‘ಕನ್ನಡ’ ಅನ್ನುವ ಪದ ಆಗ ಹೀಗೆ ಕಾಣುತ್ತದೆ: ಒಂದು ದೊಡ್ಡ ಪಿ, ತಲೆ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ದುಡ್ಡಿನ ಗುರುತು, ಹೀಗೇ ಮುಂದೆ. ಬಣ್ಣ ಹೋದರೆ ಮಾತಿನ ಮೇಲಿನ ಒತ್ತು ಹೋಯಿತು ಅನ್ನಬಹುದು. ಇಲ್ಲಿ ಪತ್ರವೇ ಹೋಯಿತು.

ಯೂನಿಕೋಡ್‌ನಲ್ಲಿ ಹೀಗಾಗಲ್ಲ. ಅಲ್ಲಿ ಕ ಅಕ್ಷರಕ್ಕೆ ಅದರದ್ದೇ ಆದ ಸಂಖ್ಯೆ ಇದೆ, ಯಾವ ಫಾಂಟ್ ಹಾಕಿದರೂ ಅದು ಕ. ಈಗಿನ ನುಡಿ, ಬರಹಗಳಲ್ಲೂ ಯೂನಿಕೋಡ್ ಆಯ್ಕೆ ಇದೆ. ಹಳೆ ಫೈಲಿನಿಂದ ಕಾಪಿ ಮಾಡಿ ಮೇಲ್‌ಗೆ ಹಾಕುವ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ದಯವಿಟ್ಟು ಇದೊಂದನ್ನು ನಾಳೆಯಿಂದಲೇ ಮಾಡಿ.

ಇನ್ನು ದರದ ಮೇಲ್. ‘ಕೆಂಪಲ್ಲಿರುವುದು’ ಅನ್ನುವ ಬದಲು ‘ಹೊಸ ದರ’ ಅಂತಲೇ ಬರೆಯಿರಿ. ಒಂದು ಮಾಲಿಗೆ ಒಂದು ಸಾಲು: ಉಂಡೆ ಕೊಬ್ಬರಿ, ಇಷ್ಟು ಕ್ವಿಂಟಲ್, ಹಳೆ ದರ ಇಷ್ಟು, ಹೊಸ ದರ ಇಷ್ಟು. ಟೇಬಲ್ ಬೇಕೇ ಬೇಕು ಅಂದರೆ ಪಿಡಿಎಫ್ ಮಾಡಿ ಜೊತೆಗಿಡಿ, ಆದರೆ ಮುಖ್ಯ ಅಂಕಿ ಪತ್ರದಲ್ಲೂ ಇರಲಿ. ರಿಪ್ಲೈ ಜೊತೆ ಪಿಡಿಎಫ್ ತಿರುಗಿ ಬರುವುದಿಲ್ಲ. ಲಿಂಕ್ ಕೊಡುವಾಗ ‘ಇಲ್ಲಿ ಒತ್ತಿ’ ಅಂತ ಬಿಡದೆ ಪೂರ್ತಿ ವಿಳಾಸ ಬರೆಯಿರಿ. ಜಿಮೇಲ್‌ನವರು ಬರೆಯುವ ಕಿಟಕಿಯ ಕೆಳಗಿನ ಮೂರು ಚುಕ್ಕೆ ಒತ್ತಿ, ಪ್ಲೇನ್ ಟೆಕ್ಸ್ಟ್ ಮೋಡ್‌ಗೆ ಟಿಕ್ ಬಿದ್ದಿದೆಯಾ ಅಂತ ನೋಡಿಕೊಳ್ಳಿ.

ಲ್ಯಾಪ್‌ಟಾಪ್ ತಂದಿರುವವರು ಈಗಲೇ ನಿಮ್ಮ ಸಿಗ್ನೇಚರ್ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಅಲ್ಲಿ ಹೆಸರು, ನಂಬರ್ ಕಾಣದಿದ್ದರೆ ಮುಂದೆ ಬನ್ನಿ, ಕೂತು ಸರಿ ಮಾಡೋಣ.