ಇಂಗ್ಲೆಂಡಿನ ಠಾಣೆಯಲ್ಲಿ ಆಡಿದ ಮಾತು, ಆಡದ ಮಾತು

ಕೇಳುಗರಿಗೆ ನಮಸ್ಕಾರ.

ಓದಲಿಕ್ಕೋ ಕೆಲಸಕ್ಕೋ ಇಂಗ್ಲೆಂಡಿಗೆ ಹೊರಟ ಮಕ್ಕಳಿಗೆ ನಾವು ಸ್ವೆಟರ್ ಕೊಡಿಸುತ್ತೇವೆ, ಚಟ್ನಿಪುಡಿ ಕಟ್ಟಿಕೊಡುತ್ತೇವೆ. ಅಲ್ಲಿ ಪೊಲೀಸರು ಕರೆದರೆ ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ. ಕರೆ ಬರಲು ದೊಡ್ಡ ಅಪರಾಧವೇ ಆಗಬೇಕಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ನಾವೇ ಬಿಲ್ ಮಾಡಿಕೊಳ್ಳುವ ಯಂತ್ರದಲ್ಲಿ ಒಂದು ಸಾಮಾನು ಸ್ಕ್ಯಾನ್ ಆಗದೆ ಚೀಲಕ್ಕೆ ಬಿದ್ದಿದ್ದರೂ ಸಾಕು.

ಫೋನು ಬರುತ್ತದೆ. ದನಿ ಬಲು ಸೌಜನ್ಯದ್ದು. "ನಿಮ್ಮನ್ನು ಅರೆಸ್ಟ್ ಮಾಡುತ್ತಿಲ್ಲ, ನೀವಾಗಿಯೇ ಒಮ್ಮೆ ಬಂದು ಮಾತಾಡಿ ಹೋಗಿ." ಹುಡುಗ ಹಗುರಾಗಿ ಹೋಗಿ ಕೂರುತ್ತಾನೆ. ಚಿಕ್ಕ ಕೋಣೆ, ಒಂದು ಮೇಜು, ರೆಕಾರ್ಡರು. ಅದನ್ನು ಚಾಲೂ ಮಾಡಿ ಅಧಿಕಾರಿ ಒಂದು ಎಚ್ಚರಿಕೆ ಹೇಳುತ್ತಾರೆ. ಅದರ ತಾತ್ಪರ್ಯ ಇಷ್ಟು: ನೀನು ಏನೂ ಹೇಳಬೇಕಾಗಿಲ್ಲ, ಆದರೆ ಮುಂದೆ ಕೋರ್ಟಿನಲ್ಲಿ ನೆಚ್ಚಿಕೊಳ್ಳುವ ಸಂಗತಿಯನ್ನು ಈಗ ಕೇಳಿದಾಗ ಹೇಳದಿದ್ದರೆ ನಿನ್ನ ವಾದಕ್ಕೆ ಧಕ್ಕೆಯಾಗಬಹುದು, ಹೇಳಿದ್ದೆಲ್ಲ ಸಾಕ್ಷ್ಯವಾಗಬಹುದು.

ಈ ಮೂರು ಮಾತು ಕಿವಿಗೆ ಬಿದ್ದವೆಂದರೆ ಅದು ಹರಟೆಯಲ್ಲ, ಪೂರ್ತಿ ವಿಚಾರಣೆ.

ನಮ್ಮವರು ಎಡವುವುದು ಇಲ್ಲೇ. ಭಾರತದಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆ ಹಾಗೆಂದಿತು, ಈಗಿನ ಹೊಸ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿದೆ. ಆ ಹಳೆಯ ಕಾಯ್ದೆಯನ್ನು ಬರೆದವರು ಬ್ರಿಟಿಷರೇ, ಆದರೆ ಅವರ ಸ್ವಂತ ನೆಲದಲ್ಲಿ ಆ ನಿಯಮ ಇಲ್ಲ. ಅಲ್ಲಿ ಠಾಣೆಯಲ್ಲಿ ಆಡಿದ ಮಾತು ಸಾಕ್ಷ್ಯವಾಗುತ್ತದೆ. ಆಡದ ಮಾತಿಗೂ ಬೆಲೆ ತೆರಬೇಕಾಗಬಹುದು. ಇದು 1994ರ ಕಾಯ್ದೆಯಿಂದ ಬಂದದ್ದು. ಮೌನವೊಂದನ್ನೇ ಆಧಾರ ಮಾಡಿಕೊಂಡು ಶಿಕ್ಷೆ ಕೊಡುವಂತಿಲ್ಲ, ನಿಜ. ಆದರೂ ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಗಾಬರಿಯಲ್ಲಿರುವ ಇಪ್ಪತ್ತೆರಡರ ಹುಡುಗ ಒಬ್ಬನೇ ಕೂತು ತೀರ್ಮಾನಿಸಲಾರ.

ಅದಕ್ಕೇ ಅಲ್ಲಿ ವಕೀಲರ ನೆರವಿದೆ, ಅದೂ ಉಚಿತ. ಸಂಬಳ ಎಷ್ಟು, ಯಾವ ದೇಶದವನು ಎಂದು ನೋಡುವುದಿಲ್ಲ. ಅರೆಸ್ಟ್ ಆಗಿದ್ದರೂ ಸರಿ, ತಾನಾಗಿ ಹೋಗಿದ್ದರೂ ಸರಿ. ವಕೀಲರನ್ನು ಕೇಳಿದರೆ ತಪ್ಪು ಮಾಡಿದಂತೆ ಕಾಣುತ್ತದೆ ಎಂಬ ಸಂಕೋಚ ನಮ್ಮವರಲ್ಲಿ ಬಹಳ. ದಯವಿಟ್ಟು ಅದನ್ನು ಬಿಡಿ. ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೆ ದುಭಾಷಿಯನ್ನೂ ಉಚಿತವಾಗಿ ಕೇಳಬಹುದು. ಭಾರತದ ಹೈಕಮಿಷನ್ನಿಗೆ ತಿಳಿಸಿ ಎನ್ನಬಹುದು.

ಈ ಹಕ್ಕುಗಳು ಸುಮ್ಮನೆ ಬಂದವಲ್ಲ. 1972ರಲ್ಲಿ ದಕ್ಷಿಣ ಲಂಡನ್ನಿನ ಕ್ಯಾಟ್‌ಫರ್ಡಿನಲ್ಲಿ ಮ್ಯಾಕ್ಸ್‌ವೆಲ್ ಕಾನ್ಫೇಟ್ ಎಂಬವರ ಕೊಲೆಯಾಯಿತು. ಪೊಲೀಸರು ಮೂವರು ಹುಡುಗರನ್ನು ಹಿಡಿದರು. ಹದಿನೆಂಟರ ಒಬ್ಬನ ಬುದ್ಧಿಯ ಬೆಳವಣಿಗೆ ಎಂಟರ ಮಗುವಿನಷ್ಟು. ಹೆತ್ತವರೂ ವಕೀಲರೂ ಪಕ್ಕದಲ್ಲಿಲ್ಲದ ವಿಚಾರಣೆಯಲ್ಲಿ ಹುಡುಗರು ಒಪ್ಪಿಕೊಂಡರು, ಆ ಒಪ್ಪಿಗೆಯ ಮೇಲೆ ಶಿಕ್ಷೆಯೂ ಆಯಿತು. ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿದ್ದು 1975ರಲ್ಲಿ. ಆ ಮೂರು ವರ್ಷಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಪ್ರಕರಣ ಎಡವಿದ್ದೆಲ್ಲಿ ಎಂಬ ತನಿಖಾ ವರದಿ, ಆಮೇಲೊಂದು ರಾಯಲ್ ಕಮಿಷನ್, ಅಂದರೆ ಸರ್ಕಾರ ನೇಮಿಸಿದ ಉನ್ನತ ಆಯೋಗ, ಕೊನೆಗೆ 1984ರಲ್ಲಿ ಬಂತು ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆ. ಅಲ್ಲಿ ಎಲ್ಲರ ಬಾಯಲ್ಲೂ ಅದು 'ಪೇಸ್'.

ಪೇಸ್ ಪ್ರಕಾರ ಬಂಧಿತನ ಹೊಣೆ ಕಸ್ಟಡಿ ಆಫೀಸರದು. ಅವರು ಆ ಪ್ರಕರಣದ ತನಿಖೆಯಲ್ಲಿ ಇರಬಾರದು. ದೋಷಾರೋಪವಿಲ್ಲದೆ ಸಾಮಾನ್ಯವಾಗಿ ಇಟ್ಟುಕೊಳ್ಳಬಹುದಾದದ್ದು 24 ಗಂಟೆ. ಗಂಭೀರ ಅಪರಾಧವಾದರೆ ಸೂಪರಿಂಟೆಂಡೆಂಟ್ 36 ಗಂಟೆಗೆ ಏರಿಸಬಹುದು. ಅದಕ್ಕೂ ಮೀರಿ, 96 ಗಂಟೆಯವರೆಗೆ, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಭಯೋತ್ಪಾದನೆಯ ಪ್ರಕರಣಗಳ ಲೆಕ್ಕ ಬೇರೆ.

ರಸ್ತೆಯಲ್ಲಿ ತಡೆದು ಜೇಬು, ಚೀಲ ಹುಡುಕಲಿಕ್ಕೂ ಸಾಮಾನ್ಯವಾಗಿ ಸಕಾರಣವಾದ ಅನುಮಾನ ಇರಬೇಕು. ಏನು ಹುಡುಕುತ್ತಿದ್ದೇವೆ, ಯಾಕೆ, ಯಾವ ಕಾನೂನಿನಡಿ ಎಂದು ಅವರು ಹೇಳಬೇಕು. ಆಗ ಎಳೆದಾಡಬೇಡಿ, ಓಡಬೇಡಿ.

ಇನ್ನೊಂದು ಗುಂಡಿ ಇದೆ. "ಒಪ್ಪಿಕೊಂಡುಬಿಡು, ಒಂದು ಕಾಷನ್ ಕೊಟ್ಟು ಕಳಿಸುತ್ತೇವೆ" ಎಂದರೆ ಮನೆಗೆ ಹೋದರೆ ಸಾಕು ಅನ್ನಿಸುತ್ತದೆ. ಕೋರ್ಟಿಲ್ಲ, ದಂಡವಿಲ್ಲ. ಆದರೆ ಕಾಷನ್ ಎಂದರೆ ಪೊಲೀಸರೇ ಕೊಡುವ ಅಧಿಕೃತ ಎಚ್ಚರಿಕೆ, ಅದನ್ನು ಪಡೆಯುವುದೆಂದರೆ ತಪ್ಪೊಪ್ಪಿಗೆ, ಅದು ಪೊಲೀಸ್ ದಾಖಲೆಯಲ್ಲಿ ಉಳಿಯುತ್ತದೆ. ಆಸ್ಪತ್ರೆಯ ಕೆಲಸಕ್ಕೋ ವೀಸಾಕ್ಕೋ ಅರ್ಜಿ ಹಾಕಿದಾಗ ಎದುರಿಗೆ ಬಂದು ನಿಲ್ಲಬಹುದು. ಮಾಡದ ತಪ್ಪಿಗೆ ಕಾಷನ್ ಒಪ್ಪಿಕೊಳ್ಳಬೇಡಿ. ಮಾಡಿದ್ದರೂ ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಇಷ್ಟೂ ಹೇಳಿದ್ದು ಇಂಗ್ಲೆಂಡ್ ಮತ್ತು ವೇಲ್ಸಿನ ಕಾನೂನು. ಎಡಿನ್‌ಬರೋ, ಗ್ಲಾಸ್ಗೋ ಕಡೆ ಹೋಗುವವರಿಗೆ ಸ್ಕಾಟ್‌ಲೆಂಡಿನದೇ ಬೇರೆ ಕಾನೂನು.

ಮಕ್ಕಳು ಈ ವಾರ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಒಮ್ಮೆ ಹೇಳಿ: ಮೊದಲು ವಕೀಲರು ಬೇಡ ಎಂದಿದ್ದರೂ, ವಿಚಾರಣೆಯ ನಡುವೆ ಯಾವಾಗ ಬೇಕಾದರೂ ಮನಸ್ಸು ಬದಲಾಯಿಸಿ "ಸಾಲಿಸಿಟರ್ ಬೇಕು" ಎನ್ನಬಹುದು.

ನಮಸ್ಕಾರ.