ಗ್ರೀಕ್ ಹೆಸರನ್ನು ಒಡೆದು ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಮೊಮ್ಮಗುವಿನ ಹೆಸರಿನ ಅರ್ಥ ಹುಡುಕುತ್ತಿರುವ ಅಜ್ಜ ಅಜ್ಜಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತನ್ನು ಆಡುತ್ತಿದ್ದೇನೆ. ನನಗೆ ಬರುವ ದೂರವಾಣಿ ಕರೆಗಳಲ್ಲಿ ಹೆಚ್ಚಿನವು ಅವರವೇ. ಕಳೆದ ತಿಂಗಳು ಒಬ್ಬ ತಾಯಿ ಕರೆ ಮಾಡಿದ್ದರು. ಮಗಳು ಜರ್ಮನಿಯಲ್ಲಿದ್ದಾಳೆ, ಮೊಮ್ಮಗಳಿಗೆ ಥಿಯೊಡೋರಾ ಎಂದು ಹೆಸರಿಟ್ಟಿದ್ದಾರೆ. "ನನಗೆ ನಾಲಿಗೆಯೇ ಹೊರಳುವುದಿಲ್ಲ ಸಾರ್, ಅದಕ್ಕೊಂದು ಅರ್ಥವಾದರೂ ಇದೆಯೇ?" ಎಂದು ಕೇಳಿದರು.

ಇದೆ ತಾಯಿ, ಒಡೆದು ನೋಡಿ ಎಂದೆ. ಥಿಯೊಸ್ ಎಂದರೆ ದೇವರು, ಡೋರಾನ್ ಎಂದರೆ ಕೊಡುಗೆ. ಥಿಯೊಡೋರಾ ಎಂದರೆ ದೇವದತ್ತೆ. ಗ್ರೀಕರ ಡೋರಾನ್ ಮತ್ತು ನಮ್ಮ ದಾನ ಒಂದೇ ಬೇರಿನಿಂದ ಚಿಗುರಿದ ಮಾತುಗಳು. ಅದೇ ಎರಡು ತುಂಡುಗಳನ್ನು ಹಿಂದು ಮುಂದು ಮಾಡಿದರೆ ಡೊರೊಥಿಯಾ ಆಗುತ್ತದೆ, ಅರ್ಥ ಬದಲಾಗುವುದಿಲ್ಲ. ಆ ತಾಯಿ ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ನಮ್ಮ ಮಾವನವರ ಹೆಸರಿನಲ್ಲಿದ್ದ ದತ್ತನೇ ಮನೆಗೆ ಬಂದ ಹಾಗಾಯಿತು" ಎಂದರು. ನನಗೆ ಆ ದಿನವೆಲ್ಲ ಸಂತೋಷ.

ಇಂದು ನಾನು ಹೇಳಬೇಕಾಗಿರುವುದು ಇಷ್ಟೇ: ಗ್ರೀಕ್ ಹೆಸರನ್ನು ಒಡೆದು ನೋಡಿ. ಹೆಸರಿನ ಪುಸ್ತಕಗಳು ಎದುರಿಗೊಂದು ಪದ ಬರೆದು ಕೈತೊಳೆದುಕೊಳ್ಳುತ್ತವೆ. ಅಲೆಕ್ಸಾಂಡರ್, ಅಂದರೆ ಧೀರ. ಫಿಲಿಪ್, ಅಂದರೆ ರಾಜ. ದಯವಿಟ್ಟು ಇವನ್ನು ನಂಬಬೇಡಿ. ಅಲೆಕ್ಸೊ ಎಂದರೆ ಕಾಯುತ್ತೇನೆ ಎಂದು, ಆಂಡ್ರೊಸ್ ಎಂದರೆ ಗಂಡಸಿನ, ನಮ್ಮ ನರ ಎಂಬ ಪದದ ನೆಂಟ. ನರರನ್ನು ಕಾಯುವವನು ಅಲೆಕ್ಸಾಂಡರ್. ಈ ಹೆಸರಿನ ಒಬ್ಬ ಗ್ರೀಕ್ ದೊರೆಯನ್ನು ಅಶೋಕನ 13ನೆಯ ಶಿಲಾಶಾಸನ 'ಅಲಿಕಸುದರ' ಎಂದು ಕರೆದಿದೆ. ಮಧ್ಯಪ್ರದೇಶದ ವಿದಿಶಾ ಪಕ್ಕದ ಬೆಸ್‌ನಗರಕ್ಕೆ ಹೋದರೆ ಕ್ರಿಸ್ತಪೂರ್ವ ಎರಡನೆಯ ಶತಮಾನದ ಗರುಡಗಂಬವೊಂದಿದೆ. ಅದನ್ನು ವಾಸುದೇವನಿಗೆ ನಿಲ್ಲಿಸಿದವನು ತಕ್ಷಶಿಲೆಯಿಂದ ರಾಯಭಾರಿಯಾಗಿ ಬಂದ ಗ್ರೀಕ, ಹೆಸರು ಹೆಲಿಯೊಡೋರಸ್. ಹೆಲಿಯೊಸ್ ಎಂದರೆ ಸೂರ್ಯ. ಡೋರಾನ್ ನಿಮಗೆ ಈಗ ಗೊತ್ತು.

ಇನ್ನು ಫಿಲಿಪ್. ಫಿಲೊಸ್ ಎಂದರೆ ಪ್ರೀತಿಸುವವನು, ಹಿಪ್ಪೊಸ್ ಎಂದರೆ ಕುದುರೆ. ಕುದುರೆಯನ್ನು ಪ್ರೀತಿಸುವವನು ಫಿಲಿಪ್. ಮೈಸೂರಿನ ಮೃಗಾಲಯದಲ್ಲಿ ಮಕ್ಕಳು ಬೇಲಿಗೆ ಮುಖ ಒತ್ತಿಕೊಂಡು ನೋಡುವ ಹಿಪೊಪೊಟಮಸ್ ಕೂಡ ಇದೇ ಹಿಪ್ಪೊಸ್, ಪೊಟಮೊಸ್ ಎಂದರೆ ನದಿ. ಗ್ರೀಕರಿಗೆ ಅದು ಹೊಳೆಯ ಕುದುರೆ, ನಮಗೆ ನೀರಾನೆ.

ಕುದುರೆ ಎಂದ ಮೇಲೆ ಈ ಪ್ರಸಂಗ ಹೇಳಲೇಬೇಕು. ಕ್ರಿಸ್ತಪೂರ್ವ 423ರಲ್ಲಿ ಅಥೆನ್ಸಿನಲ್ಲಿ ಅರಿಸ್ಟೋಫನೀಸನ 'ಮೋಡಗಳು' ಎಂಬ ನಾಟಕ ರಂಗಕ್ಕೆ ಬಂತು. ಅದರ ಮೊದಲ ದೃಶ್ಯದಲ್ಲಿ ಸ್ಟ್ರೆಪ್ಸಿಯಾಡೀಸ್ ಎಂಬ ಹಳ್ಳಿಯ ಮುದುಕನಿಗೆ ರಾತ್ರಿಯಿಡೀ ನಿದ್ದೆ ಇಲ್ಲ. ಸಾಲ ತಲೆಯ ಮೇಲೆ ಕೂತಿದೆ. ಮಗ ಪಕ್ಕದಲ್ಲೇ ಹೊದ್ದು ಮಲಗಿ ಕನಸಿನಲ್ಲೂ ರಥ ಓಡಿಸುತ್ತಿದ್ದಾನೆ. ಆಗ ಮುದುಕ ತನ್ನ ಮದುವೆಯ ಕಥೆ ತೆಗೆಯುತ್ತಾನೆ. ಅವನು ಜೇನು, ಕುರಿ, ಎಣ್ಣೆಹಿಂಡಿಗಳ ನಡುವೆ ನೆಮ್ಮದಿಯಾಗಿದ್ದ ರೈತ. ಕೈಹಿಡಿದವಳು ಪಟ್ಟಣದ ದೊಡ್ಡ ಮನೆತನದ ಹೆಣ್ಣು, ಮೆಗಾಕ್ಲೀಸನ ಒಡಹುಟ್ಟಿದವರ ಮಗಳು. ಮಗ ಹುಟ್ಟಿದ. ಹೆಸರಿಡುವ ಹೊತ್ತಿಗೆ ಜಗಳ ಶುರುವಾಯಿತು.

ಅವಳಿಗೆ ಹೆಸರಿನಲ್ಲಿ ಕುದುರೆ ಇರಲೇಬೇಕು. ಕುದುರೆ ಸಾಕುವುದು ಸಿರಿವಂತರ ಕೆಲಸ, ಹಿಪ್ಪೊಸ್ ಇರುವ ಹೆಸರು ಆ ಸಿರಿಯ ಗುರುತು. ಕ್ಸಾಂಥಿಪ್ಪೊಸ್ ಇರಲಿ, ಖಾರಿಪ್ಪೊಸ್ ಇರಲಿ, ಕಲ್ಲಿಪ್ಪಿಡೀಸ್ ಇರಲಿ ಎನ್ನುತ್ತಾಳೆ. ಇವನಿಗೆ ತನ್ನ ಅಪ್ಪನ ಹೆಸರೇ ಬೇಕು, ಫೈಡೊನಿಡೀಸ್. ಅದರಲ್ಲಿರುವ ಫೈಡ್ ಎಂದರೆ ಹಿಡಿತದಿಂದ ಖರ್ಚು ಮಾಡುವುದು, ಉಳಿಸುವುದು. ಬಹಳ ದಿನ ಎಳೆದಾಡಿದರು. ಕೊನೆಗೆ ರಾಜಿಯಾಗಿ, ಅವನ ಉಳಿತಾಯವನ್ನೂ ಅವಳ ಕುದುರೆಯನ್ನೂ ಕೂಡಿಸಿ ಫೈಡಿಪ್ಪಿಡೀಸ್ ಎಂದಿಟ್ಟರು! ಆಮೇಲೂ ಎಳೆದಾಟ ನಿಲ್ಲಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾಯಿ, ನೀನು ದೊಡ್ಡವನಾಗಿ ಮೆಗಾಕ್ಲೀಸನ ಹಾಗೆ ಜರತಾರಿ ಉಟ್ಟು ಪಟ್ಟಣಕ್ಕೆ ರಥ ಹೊಡೆಯುವುದು ಯಾವಾಗ ಎನ್ನುತ್ತಿದ್ದಳು. ತಂದೆ, ನಿನ್ನಪ್ಪನ ಹಾಗೆ ತೊಗಲಂಗಿ ತೊಟ್ಟು ಕಲ್ಲುಗುಡ್ಡದಿಂದ ಮೇಕೆ ಹೊಡೆದುಕೊಂಡು ಬರುವುದು ಯಾವಾಗ ಎನ್ನುತ್ತಿದ್ದ. ಗೆದ್ದದ್ದು ಕುದುರೆ. ನನ್ನ ಆಸ್ತಿಗೆಲ್ಲ ಕುದುರೆರೋಗ ಬಡಿಸಿಬಿಟ್ಟ ಎಂದು ಮುದುಕ ಗೋಳಾಡುತ್ತಾನೆ.

ನೋಡುತ್ತಿದ್ದ ಅಥೆನ್ಸಿನ ಜನ ಆ ಹೆಸರನ್ನು ಕೇಳಿದ ಕೂಡಲೇ ನಕ್ಕಿರಬೇಕು, ಏಕೆಂದರೆ ಅವರ ಕಿವಿಗೆ ಅದರ ಎರಡೂ ತುಂಡುಗಳು ಬೇರೆ ಬೇರೆಯಾಗಿ ಕೇಳುತ್ತಿದ್ದವು. ಒಂದು ಸಂಸಾರದ ಜಗಳವೆಲ್ಲ ಒಂದು ಹೆಸರಿನೊಳಗಿದೆ. ಪುಸ್ತಕದಲ್ಲಿ ಎದುರಿಗೊಂದು ಪದ ಬರೆದರೆ ಇದು ಕಂಡೀತೇ? ಒಡೆದು ನೋಡಬೇಕು.

ಗಡಿಯಾರ ನೋಡಿದರೆ ಇನ್ನು ಎರಡೇ ನಿಮಿಷ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕ್ಲಿಯೊಸ್ ಎಂದರೆ ಕೀರ್ತಿ, ಸಂಸ್ಕೃತದ ಶ್ರವಸ್ ಅದರ ಒಡಹುಟ್ಟು. ಕ್ಲಿಯೋಪಾತ್ರ ಎಂದರೆ ತಂದೆಯ ಕೀರ್ತಿ. ಅದನ್ನೇ ತಿರುಗಿಸಿದರೆ ಪಾತ್ರೊಕ್ಲಸ್ ಎಂಬ ಗಂಡು ಹೆಸರು. ನಿಕೊಲಾಸ್‌ನಲ್ಲಿ ಗೆಲುವೂ ಇದೆ, ಜನರೂ ಇದ್ದಾರೆ. ಮಂಗಳೂರಿನಲ್ಲಿ ಮನೆಮನೆಗೂ ಪರಿಚಿತವಾದ ಜಾರ್ಜ್ ಎಂಬ ಹೆಸರಿನಲ್ಲಿ ಗೆ ಎಂದರೆ ಭೂಮಿ, ಎರ್ಗಾನ್ ಎಂದರೆ ಕೆಲಸ. ಮಣ್ಣಿನಲ್ಲಿ ದುಡಿಯುವವನು, ನಮ್ಮ ಬೇಸಾಯಗಾರ. ಒಡೆಯಲಾಗದ ಇಡೀ ಪದಗಳೂ ಇವೆ: ಸೋಫಿಯಾ ವಿವೇಕ, ಇರೀನಿ ಶಾಂತಿ, ಜೋಯಿ ಜೀವ, ಮೆಲಿಸ್ಸಾ ಜೇನುನೊಣ. ಮರಿಯಾ ಮತ್ತು ಯೊಆನಿಸ್ ಗ್ರೀಸಿನ ಬೀದಿ ಬೀದಿಯಲ್ಲಿ ಕೇಳುತ್ತವೆ, ಆದರೆ ಅವು ಹೀಬ್ರೂವಿನಿಂದ ಬಂದವು. ಅವನ್ನು ಗ್ರೀಕ್ ಪಟ್ಟಿಗೆ ಸೇರಿಸಬೇಡಿ.

ಇಂದಿನ ಗ್ರೀಕರೂ ಹೆಸರಿಗಾಗಿ ಪುಸ್ತಕ ಹುಡುಕುವುದು ಕಡಿಮೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವುದು ಅಲ್ಲಿನ ಸಂಪ್ರದಾಯ, ನಮ್ಮಲ್ಲಿ ತಾತನ ಹೆಸರಿಡುವ ಹಾಗೆಯೇ. ಹುಟ್ಟುಹಬ್ಬಕ್ಕಿಂತ ಹೆಸರಿನ ಹಬ್ಬವೇ ಅನೇಕರಿಗೆ ದೊಡ್ಡದು. ಆ ಹೆಸರಿನ ಸಂತನ ದಿನ ಹೆಸರಿನವರೇ ಬಂದವರಿಗೆ ಸಿಹಿ ಹಂಚುತ್ತಾರೆ. ನಿಕೊಲಾಸನಿಗೆ ಡಿಸೆಂಬರ್ 6, ಕಾನ್‌ಸ್ಟಂಟೈನ್ ಮತ್ತು ಹೆಲೆನ್ ಇಬ್ಬರಿಗೂ ಮೇ 21. ನಿಮ್ಮ ಮಕ್ಕಳ ಗೆಳೆಯರಲ್ಲಿ ಒಬ್ಬ ನಿಕೋಸ್ ಇದ್ದರೆ ಡಿಸೆಂಬರ್ 6ರಂದು ಮರೆಯದೆ ಕರೆ ಮಾಡಿ, "ಖ್ರೋನ್ಯಾ ಪೊಲ್ಲಾ" ಎನ್ನಿ. ಬಹಳ ವರ್ಷ ಬಾಳು ಎಂದರ್ಥ. ನಮಸ್ಕಾರ.